ಒಂದು ಎಂಜಿನ್ನಿನ ಜೀರ್ಣೋದ್ಧಾರ

ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಿಗೆ, ಲಿಂಗೈಕ್ಯ ಹಿರಿಯ ಶ್ರೀಗಳವರ ಕಪ್ಪು ಅಂಬಾಸಿಡರ್ ಕಾರಿನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. 1961ರಲ್ಲಿ ಭಕ್ತರು ಕೂಡಿ ಕೊಡಿಸಿದ ಆ ವಾಹನ ಶ್ರೀಗಳವರಿಗಿಂತ ಹೆಚ್ಚಾಗಿ ಜೋಳದ ಚೀಲಗಳನ್ನೂ ಜ್ವರ ಬಂದ ಹುಡುಗರನ್ನೂ ಹೊತ್ತು ತಿರುಗಿತು. ಬಹುಕಾಲ ಕೊಟ್ಟಿಗೆಯಲ್ಲಿ ನಿಂತಿದ್ದ ಅದು ಈಗ ಮತ್ತೆ ನಡೆಯುತ್ತಿದೆಯೆಂಬ ವಾರ್ತೆ ಕೇಳಿ ಹಲವರು ಸಂತೋಷಪಟ್ಟು ಪತ್ರ ಬರೆದಿದ್ದಾರೆ. ಕೆಲವರು ಮಾತ್ರ, "ಹೊಸ ಎಂಜಿನ್ ಕೂರಿಸಿದ್ದರೆ ವಾರದಲ್ಲಿ ಮುಗಿಯುವ ಕೆಲಸಕ್ಕೆ ಎರಡು ವರ್ಷವೇಕೆ?" ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ.

ಮೊದಲು ಆ ಕಾರಿನ ಕುಲಗೋತ್ರವನ್ನು ತಿಳಿಯೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿ, ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರನ್ನು ತಯಾರಿಸತೊಡಗಿತು. ಆರಂಭದ ಕಾರುಗಳಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದ 1476 ಸಿ.ಸಿ. ಎಂಜಿನ್ ಇತ್ತು. 1959ರಲ್ಲಿ ಅದರ ಸ್ಥಾನಕ್ಕೆ ವಾಲ್ವುಗಳು ಮೇಲಿರುವ 1489 ಸಿ.ಸಿ. ಎಂಜಿನ್ ಬಂದಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಶ್ರೇಣಿಯೆಂದು ಹೆಸರಾದ ಈ ಎಂಜಿನ್ನಿನ ವಂಶ ದೊಡ್ಡದು, 1955ರ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನೊಳಗೆ ಮಿಡಿದುದೂ ಇದೇ 1489 ಸಿ.ಸಿ.ಯ ಹೃದಯವೇ. ಉತ್ತರಪಾಡಾದಲ್ಲಿ ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು.

ನಮ್ಮ ಕಾರಿನ ಮೂಲ ಎಂಜಿನ್ನನ್ನು 1980ರ ದಶಕದಲ್ಲಿ ಇಳಿಸಿ, ಮಿತವ್ಯಯದ ದೃಷ್ಟಿಯಿಂದ ಡೀಸೆಲ್ ಎಂಜಿನ್ ಕೂರಿಸಿದ್ದರು. ಆ ಕಾಲಕ್ಕೆ ಅದು ವಿವೇಕದ ನಿರ್ಧಾರವೇ ಆಗಿದ್ದಿತು. ಆದರೆ ಆ ಎಂಜಿನ್ನಿನ ಭಾರ ಹೆಚ್ಚು. ಮುಂದಿನ ಟಾರ್ಷನ್ ಬಾರುಗಳು ಸೋತು ಕಾರಿನ ಮೂಗು ತಗ್ಗಿತು, ಚುಕ್ಕಾಣಿ ಬಿಗಿಯಾಯಿತು. ಒಂದು ಕಡೆ ಅಳತೆ ತಪ್ಪಿದರೆ ಅದರ ಹೊರೆಯನ್ನು ಬೇರೊಂದು ಅಂಗ ಹೊರಬೇಕಾಗುತ್ತದೆ. ದೈವವಶಾತ್ ಮೂಲ ಎಂಜಿನ್ ಗುಜರಿಗೆ ಹೋಗಿರಲಿಲ್ಲ. ಎಣ್ಣೆ ಬಳಿದು ಗೋಣಿಯಲ್ಲಿ ಸುತ್ತಿ ಉಗ್ರಾಣದ ಮೂಲೆಯಲ್ಲಿಟ್ಟಿದ್ದರು. ಅದರ ಮೇಲಿನ ಸಂಖ್ಯೆಯೂ ನೋಂದಣಿ ಪುಸ್ತಕದ ಸಂಖ್ಯೆಯೂ ಒಂದೇ ಆಗಿದ್ದವು.

ಇಲ್ಲಿ ಕಾನೂನಿನ ಮಾತೊಂದನ್ನೂ ವಾಚಕರು ಗಮನಿಸಬೇಕು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಕಾರುಗಳನ್ನೂ ದ್ವಿಚಕ್ರ ವಾಹನಗಳನ್ನೂ 'ವಿಎ' ಅಕ್ಷರಗಳುಳ್ಳ ಸಂಖ್ಯೆಯಲ್ಲಿ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅವು ಮೂಲರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂಲ ಎಂಜಿನ್ನಿಗೆ ಮರಳಬೇಕೆಂಬ ನಮ್ಮ ಮನಸ್ಸಿಗೆ ಈ ನಿಯಮವೂ ಬಲ ಕೊಟ್ಟಿತು.

ಕೆಲಸವನ್ನು ಒಪ್ಪಿಕೊಂಡವರು ಹುಬ್ಬಳ್ಳಿಯ, ಎಪ್ಪತ್ತು ದಾಟಿದ ಒಬ್ಬ ಮಿಸ್ತ್ರಿಯವರು. ಅವರ ಕಣ್ಣಿಗೆ ಪೊರೆ ಬಂದಿದೆ. ಬೆರಳು ಮಾತ್ರ ಇನ್ನೂ ಚುರುಕು. ಸಿಲಿಂಡರಿನ ಒಳಗೆ ಉಗುರಾಡಿಸಿ, ಸವೆದ ಅಂಚು ಎಲ್ಲಿದೆಯೆಂದು ಹೇಳಬಲ್ಲರು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 73.02 ಮಿಲಿಮೀಟರು, ಪಿಸ್ಟನ್ನಿನ ನಡೆ 88.9 ಮಿಲಿಮೀಟರು. ಸವೆದಾಗ ಇಂಚಿನ ಸಾವಿರದ 10, 20, 30, 40 ಭಾಗಗಳಷ್ಟು ಹಿಗ್ಗಿಸಿ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ನಮ್ಮದು ಆಗಲೇ 40ಕ್ಕೆ ಬಂದು ಮುಟ್ಟಿತ್ತು. ಆದುದರಿಂದ ನಾಲ್ಕು ಸಿಲಿಂಡರುಗಳಿಗೂ ಸ್ಲೀವ್ ಒತ್ತಿಸಿ, ಒಳಗಿನಿಂದ ಕೊರೆಸಿ, ಮೊದಲಿನ ಅಳತೆಗೇ ತಂದೆವು.

ಬಿಡಿಭಾಗಗಳನ್ನು ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ನಮ್ಮ ಶಿಷ್ಯರು ಸುತ್ತಿದರು. ಕಲಕತ್ತೆಯ ಮಲ್ಲಿಕ್ ಬಜಾರಿನಿಂದಲೂ ತರಿಸಿದರು. ಒಂದು ಸಲ ಹಳೆಯ ಡಬ್ಬಿಯಲ್ಲಿ ಹೊಳೆಯುವ ಪಿಸ್ಟನ್ ರಿಂಗುಗಳು ಬಂದವು. ಡಬ್ಬಿಯ ಮೇಲೆ ನಮ್ಮ ಕಾರಿನ ಹೆಸರೇ ಇತ್ತು. ಮಿಸ್ತ್ರಿಯವರು ರಿಂಗನ್ನು ಸಿಲಿಂಡರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ತೆಳುವಾದ ಫೀಲರ್ ಗೇಜಿನಿಂದ ಅಳೆದು ನಕ್ಕರು. "ಅಜ್ಜಾರ, ಡಬ್ಬಿ ಮ್ಯಾಲಿನ ಹೆಸರು ಓದಬ್ಯಾಡ್ರಿ, ಅಳತಿ ಓದ್ರಿ" ಎಂದರು. ಸಂದು ಕಡಿಮೆಯಾದರೆ ಕಾದು ಹಿಗ್ಗಿದ ರಿಂಗು ಸಿಲಿಂಡರನ್ನು ಗೀರುತ್ತದೆ. ಹೆಚ್ಚಾದರೆ ಒತ್ತಡ ಸೋರಿಹೋಗುತ್ತದೆ. ಆ ರಿಂಗುಗಳು ಮರಳಿ ಹೋದವು.

ಕಾರ್ಬ್ಯುರೇಟರಿನ ವಿಷಯವೂ ಹೀಗೆಯೇ. ಮೂಲದ ಎಸ್.ಯು. ಕಾರ್ಬ್ಯುರೇಟರಿನಲ್ಲಿ, ಒಳಗೆ ಹರಿಯುವ ಗಾಳಿಗೆ ಅನುಗುಣವಾಗಿ ಒಂದು ಪಿಸ್ಟನ್ ಏರಿಳಿಯುತ್ತದೆ. ಅದಕ್ಕೆ ಸಿಕ್ಕಿಸಿದ ಮೊನಚು ಸೂಜಿ ಜೆಟ್ಟಿನಿಂದ ಎಷ್ಟು ಮೇಲೇಳುವುದೋ ಅಷ್ಟು ಪೆಟ್ರೋಲು ಬರುತ್ತದೆ. ನಮಗೆ ದೊರೆತ ಕಾರ್ಬ್ಯುರೇಟರು ಕಾಲಕ್ಕೆ ಒಪ್ಪುವಂಥದೇ. ಆದರೆ ಅದರೊಳಗಿದ್ದುದು ಬೇರೆ ಕಾರಿನ ಸೂಜಿ. ಎಂಜಿನ್ ನಡೆಯಿತು, ಕಪ್ಪು ಹೊಗೆಯನ್ನೂ ಉಗುಳಿತು. ಸೂಜಿಯ ಬುಡದಲ್ಲಿ ಕೊರೆದ ಅಕ್ಷರವನ್ನು ನೋಡಿ ಸರಿಯಾದುದನ್ನು ಹುಡುಕಿ ತರುವಷ್ಟರಲ್ಲಿ ಐದು ತಿಂಗಳು ಕಳೆದವು.

ಹಾಗಾದರೆ ಎಲ್ಲವನ್ನೂ ಹಳೆಯದರಂತೆಯೇ ಇಟ್ಟೆವೇ? ಇಲ್ಲ. ಹಿಂದೆ ಪೆಟ್ರೋಲಿನಲ್ಲಿ ಸೀಸದ ಅಂಶವಿರುತ್ತಿತ್ತು. ಅದು ಎಕ್ಸಾಸ್ಟ್ ವಾಲ್ವಿನ ಪೀಠ ಸವೆಯದಂತೆ ಕಾಯುತ್ತಿತ್ತು. ಜನರ ಆರೋಗ್ಯಕ್ಕಾಗಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವನ್ನು ಕೈಬಿಡಲಾಯಿತು. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಯುತ್ತದೆ. ಅದು ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಆದುದರಿಂದ ಗಟ್ಟಿ ಲೋಹದ ವಾಲ್ವ್ ಪೀಠಗಳನ್ನು ಕೂರಿಸಿದೆವು. ಪೆಟ್ರೋಲ್ ಪಂಪಿನ ಡಯಾಫ್ರಮ್, ಕೊಳವೆಗಳು, ಬ್ರೇಕಿನ ರಬ್ಬರುಗಳು ಇವೆಲ್ಲವೂ ಈ ಕಾಲದವು. ಬ್ರೇಕಿನ ವಿಷಯದಲ್ಲಿ ಹಳೆಯದರ ಮೋಹ ಸಲ್ಲದು.

ನಾವು ವಿಶ್ವವಿದ್ಯಾಲಯದಲ್ಲಿ ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರು. ತಾಳೆಗರಿ ಮುರಿದು ಅಕ್ಷರ ಲೋಪವಾದಾಗ ಸಂಪಾದಕನು ಅದನ್ನು ತುಂಬಬಹುದು. ಆದರೆ ಎರಡು ಕಟ್ಟಳೆಗಳುಂಟು. ತುಂಬಿದ ಅಕ್ಷರ ಛಂದಸ್ಸಿಗೆ ಒಪ್ಪಬೇಕು. ತಾನು ತುಂಬಿದ್ದೇನೆಂಬುದನ್ನು ಕಂಸದಲ್ಲಿಟ್ಟು ಓದುಗನಿಗೆ ತಿಳಿಸಬೇಕು. ಎಂಜಿನ್ನಿನ ಜೀರ್ಣೋದ್ಧಾರಕ್ಕೂ ಇವೇ ಕಟ್ಟಳೆಗಳು. ಅಳತೆ ಅದರ ಛಂದಸ್ಸು. ಬದಲಾಯಿಸಿದ ಪ್ರತಿಯೊಂದು ಭಾಗವನ್ನೂ ತಾರೀಖು, ಅಳತೆ, ಕಾರಣಗಳೊಡನೆ ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ. ಮುಂದೆ ಬಿಚ್ಚುವವನು ಯಾವುದು 1961ರದು, ಯಾವುದು ನಮ್ಮದು ಎಂದು ಊಹಿಸುತ್ತ ಕೂರಬೇಕಾಗಿಲ್ಲ.

ಈ ಹಣದಲ್ಲಿ ಪ್ರಸಾದ ನಿಲಯಕ್ಕೊಂದು ಕೋಣೆ ಕಟ್ಟಿಸಬಹುದಿತ್ತೆಂದು ಹಿರಿಯ ಭಕ್ತರೊಬ್ಬರು ನೇರವಾಗಿ ಹೇಳಿದರು. ಆ ಮಾತಿಗೆ ತೂಕವುಂಟು. ಹಳೆಯ ವಿದ್ಯಾರ್ಥಿಗಳು ಇದಕ್ಕೆಂದೇ ಕೊಟ್ಟ ಹಣವಲ್ಲದೆ ದಾಸೋಹದ ಒಂದು ರೂಪಾಯಿಯೂ ಇದಕ್ಕೆ ಸಂದಿಲ್ಲವಾದರೂ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ನಿಲಯದಲ್ಲಿ ಹತ್ತನೆಯ ತರಗತಿಗೇ ಓದು ನಿಂತಿದ್ದ ಹುಡುಗನೊಬ್ಬನಿದ್ದ. ಮಿಸ್ತ್ರಿಯವರಿಗೆ ದೀಪ ಹಿಡಿಯಲೆಂದು ಅವನನ್ನು ಕಳಿಸಿದೆವು. ಅವರ ಕಣ್ಣಿಗೆ ಕಾಣದ ಅಂಕೆಗಳನ್ನು ಓದಿ ಹೇಳುತ್ತ ಹೇಳುತ್ತ ಅವನು ಅಳೆಯುವುದನ್ನು ಕಲಿತ. ವಹಿಯಲ್ಲಿರುವುದು ಅವನದೇ ಕೈಬರಹ. ಕೊನೆಯ ತಿಂಗಳುಗಳಲ್ಲಿ ವಾಲ್ವುಗಳ ಸಂದನ್ನು ಹೊಂದಿಸಿದವನು ಅವನೇ. ಮಿಸ್ತ್ರಿಯವರು ಕಣ್ಣು ಮುಚ್ಚಿ ಸದ್ದು ಕೇಳಿ ತಲೆಯಾಡಿಸಿದರು. ಕಾರಖಾನೆ ಮುಚ್ಚಿದರೂ ಬಿಡಿಭಾಗಗಳನ್ನು ಎಲ್ಲಿಂದಲಾದರೂ ತರಬಹುದು. ಅವುಗಳ ಅಳತೆ ಬಲ್ಲ ಕೈಯನ್ನು ತರುವ ಅಂಗಡಿ ಯಾವುದಿದೆ?

ಭಕ್ತರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ. ನಿಮ್ಮ ಅಟ್ಟದಲ್ಲಿ, ಹಗೇವಿನ ಬದಿಯಲ್ಲಿ ಹಳೆಯ ವಾಹನದ ಭಾಗಗಳಿದ್ದರೆ ತೂಕಕ್ಕೆ ಮಾರುವ ಮುನ್ನ ಒಬ್ಬ ಬಲ್ಲವರಿಗೆ ತೋರಿಸಿರಿ. ನಿಮ್ಮ ಊರಿನಲ್ಲಿ ಮುಪ್ಪಾದ ಮಿಸ್ತ್ರಿಯೊಬ್ಬರು ಇನ್ನೂ ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದರೆ, ಕೆಲಸ ಬೇಕೆನ್ನುವ ಹುಡುಗನೊಬ್ಬನನ್ನು ಒಂದು ವಹಿ, ಒಂದು ಪೆನ್ಸಿಲಿನೊಡನೆ ಅವರ ಬಳಿಗೆ ಕಳಿಸಿರಿ.