ಸಂಬಳ ಚೀಟಿ ಇಲ್ಲದವರು ಮತ್ತು ಸಾಲದ ಕಾರ್ಡ್

ಸ್ವಂತ ದುಡಿಮೆಯ ಅನ್ನಕ್ಕೆ ಇಸ್ಲಾಮ್ ನೀಡಿರುವ ಗೌರವ ಬಹಳ ದೊಡ್ಡದು. ತನ್ನ ಕೈಗಳಿಂದ ಗಳಿಸಿ ಉಣ್ಣುವವನ ಊಟವೇ ಶ್ರೇಷ್ಠವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಅದಕ್ಕೆ ನಿದರ್ಶನವಾಗಿ ಪ್ರವಾದಿ ದಾವೂದ್(ಅ)ರ ಬದುಕನ್ನು ತೋರಿಸಿಕೊಟ್ಟರು. ಆದರೆ ಇಂದಿನ ಬ್ಯಾಂಕಿನ ಮೇಜಿನ ಮುಂದೆ ಕುಳಿತಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ತಿಂಗಳ ಮೊದಲ ದಿನ ಸಂಬಳ ಪಡೆಯುವವನು ನಂಬಿಕೆಗೆ ಅರ್ಹ. ಸ್ವಂತವಾಗಿ ದುಡಿಯುವವನು ತಾನು ಯಾರೆಂಬುದನ್ನು ಕಾಗದಗಳ ಮೂಲಕ ಸಾಬೀತುಪಡಿಸಬೇಕು. ಟೈಲರ್, ಎಲೆಕ್ಟ್ರಿಷಿಯನ್, ಟೈಲ್ಸ್ ಹಾಕುವವರು, ಅನುವಾದಕರು, ನಕ್ಷೆ ಬರೆಯುವವರು, ಹೀಗೆ ನಮ್ಮ ಸಮುದಾಯದ ದೊಡ್ಡದೊಂದು ಭಾಗ ಈ ಎರಡನೆಯ ಸಾಲಿನಲ್ಲೇ ನಿಂತಿದೆ.

ನಾವು ದಂಪತಿಗಳೂ ಆ ಸಾಲಿನವರೇ. ಸೌದಿ ಅರೇಬಿಯಾದಲ್ಲಿ ಹಲವು ವರ್ಷ ದುಡಿದು ಮಂಗಳೂರಿಗೆ ಮರಳಿದ ಬಳಿಕ ಕಟ್ಟಡಗಳ ನಕ್ಷೆ ಬರೆದುಕೊಡುವ ಕೆಲಸವನ್ನು ಮನೆಯ ಒಂದು ಕೋಣೆಯಲ್ಲಿ ಆರಂಭಿಸಿದೆವು. ನಮ್ಮಲ್ಲಿ ಒಬ್ಬರು ನಕ್ಷೆ ಬರೆಯುತ್ತಾರೆ, ಇನ್ನೊಬ್ಬರು ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ಎಂಜಿನಿಯರರು ಮತ್ತು ಕಟ್ಟಡ ಸಂಸ್ಥೆಗಳು ಕೆಲಸ ಕೊಡುತ್ತವೆ. ಆದರೆ ನಾವು ಯಾರ ನೌಕರರೂ ಅಲ್ಲ. ಭವಿಷ್ಯನಿಧಿಯಿಲ್ಲ, ರಜೆಯ ಸಂಬಳವಿಲ್ಲ. ನಕ್ಷೆ ಇಂದು ತಲುಪಿದರೆ ಹಣ ಎರಡು ತಿಂಗಳ ನಂತರ ಬರುತ್ತದೆ. ಕೆಲವೊಮ್ಮೆ ಅದಕ್ಕೂ ತಡವಾಗಿ. ಆದರೆ ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ, ದೊಡ್ಡ ಹಾಳೆಗಳ ಮುದ್ರಣ, ವಿದ್ಯುತ್ ಬಿಲ್ಲು, ಹುಡುಗನ ವೇತನ ಇವು ಯಾವುವೂ ಕಾಯುವುದಿಲ್ಲ. ಈ ಅಂತರವನ್ನು ತುಂಬಲು ವ್ಯವಹಾರದ ಹೆಸರಿನಲ್ಲೊಂದು ಕ್ರೆಡಿಟ್ ಕಾರ್ಡ್ ಇದ್ದರೆ ಹೇಗೆ ಎಂಬ ಯೋಚನೆ ಸಹಜವಾಗಿಯೇ ಮೂಡಿತು.

ವಿಚಾರಿಸಲು ಬ್ಯಾಂಕಿಗೆ ಹೋದೆವು. ಅಧಿಕಾರಿ ಸೌಜನ್ಯದಿಂದಲೇ ಮಾತನಾಡಿದರು. ಮೊದಲ ಪ್ರಶ್ನೆ, "ಸಂಬಳ ಚೀಟಿ ಇದೆಯೇ?" ಎರಡನೆಯದು, "ಸಿಬಿಲ್ ಅಂಕ ಎಷ್ಟು?" ಈ ಅಂಕ 300ರಿಂದ 900ರವರೆಗೆ ಇರುತ್ತದೆ. ಸಾಲದ ಚರಿತ್ರೆಯೇ ಇಲ್ಲದವರ ವರದಿಯಲ್ಲಿ ಅಂಕದ ಜಾಗದಲ್ಲಿ ‘-1’ ಎಂದು ಕಾಣಿಸುತ್ತದೆ. ನಮ್ಮದೂ ಅದೇ. ಊರಿನಲ್ಲಿ ಯಾರಿಗೂ ಒಂದು ರೂಪಾಯಿ ಬಾಕಿ ಇಡದೆ ಬದುಕಿದವರು ಬ್ಯಾಂಕಿನ ಕಡತದಲ್ಲಿ ಇಲ್ಲದವರಂತೆಯೇ ಆಗಿಬಿಡುತ್ತಾರೆ. ಸಾಲ ಮಾಡಿ ತೀರಿಸಿದವನಿಗೆ ಅಲ್ಲಿ ಗುರುತಿದೆ, ಸಾಲವನ್ನೇ ಮಾಡದವನಿಗೆ ಗುರುತಿಲ್ಲ. ಇದರಲ್ಲಿ ಅಧಿಕಾರಿಯ ತಪ್ಪೇನೂ ಇರಲಿಲ್ಲ. ಅಪರಿಚಿತನಿಗೆ ಹಣ ಕೊಡುವವರು ಏನಾದರೊಂದು ಪುರಾವೆ ಕೇಳುವುದು ನ್ಯಾಯವೇ.

ಆ ಪುರಾವೆಗಳನ್ನು ಒಂದೊಂದಾಗಿ ಜೋಡಿಸಿದೆವು. ಕಾರ್ಡ್ ಬೇಕಾಗಲಿ, ಬೇಡವಾಗಲಿ, ಸ್ವಂತ ದುಡಿಮೆಯವರೆಲ್ಲರೂ ಇವನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಆಧಾರ್ ಮೂಲಕ ಸರಕಾರದ ಜಾಲತಾಣದಲ್ಲಿ ಉಚಿತವಾಗಿ ಆಗುತ್ತದೆ; ಇದಕ್ಕಾಗಿ ಹಣ ಕೇಳುವ ಖಾಸಗಿ ತಾಣಗಳಿಂದ ದೂರವಿರಬೇಕು. ಎರಡನೆಯದು ವ್ಯವಹಾರದ ಹೆಸರಿನ ಚಾಲ್ತಿ ಖಾತೆ. ಏಕವ್ಯಕ್ತಿ ಮಾಲಿಕತ್ವದ ವ್ಯವಹಾರಕ್ಕೆ ಖಾತೆ ತೆರೆಯಲು ಆ ವ್ಯವಹಾರದ ಸಾಕ್ಷಿಯಾಗಿ ಸಾಮಾನ್ಯವಾಗಿ ಎರಡು ದಾಖಲೆಗಳನ್ನು ಕೇಳುತ್ತಾರೆ, ಉದ್ಯಮ್ ಪತ್ರ ಅವುಗಳಲ್ಲೊಂದಾಗಬಲ್ಲದು. ಮೂರನೆಯದು ಆದಾಯ ತೆರಿಗೆಯ ರಿಟರ್ನ್. ಸಂಬಳ ಚೀಟಿ ಇಲ್ಲದವರಿಗೆ ಇದೇ ಸಂಬಳ ಚೀಟಿ. ತೆರಿಗೆ ಇಲಾಖೆಗೆ ಕಡಿಮೆ ಆದಾಯ ತೋರಿಸಿ ಬ್ಯಾಂಕಿಗೆ ಹೆಚ್ಚು ತೋರಿಸಲು ಸಾಧ್ಯವಿಲ್ಲ. ಒಂದೇ ನಾಲಿಗೆಯಿಂದ ಎರಡು ಸಾಕ್ಷ್ಯ ಹೇಳುವುದನ್ನು ಧರ್ಮವೂ ಒಪ್ಪುವುದಿಲ್ಲ, ಲೆಕ್ಕವೂ ಒಪ್ಪುವುದಿಲ್ಲ.

ಇಲ್ಲಿ ಒಂದು ಮಾತನ್ನು ಮನಗಾಣಬೇಕು. ‘ವ್ಯವಹಾರದ ಕಾರ್ಡ್’ ಎಂಬ ಹೆಸರನ್ನು ಕೇಳಿ, ಸಾಲವೂ ವ್ಯವಹಾರದ್ದೇ ಎಂದು ಅನೇಕರು ಭಾವಿಸುತ್ತಾರೆ. ಏಕವ್ಯಕ್ತಿ ಮಾಲಿಕತ್ವದಲ್ಲಿ ಕಾನೂನಿನ ಕಣ್ಣಿಗೆ ವ್ಯವಹಾರ ಬೇರೆ, ಮಾಲಿಕ ಬೇರೆ ಎಂಬುದಿಲ್ಲ. ಅಂಗಡಿಯ ಹೆಸರಿನಲ್ಲಿ ಮಾಡಿದ ಬಾಕಿ ಮನೆಯ ಬಾಕಿಯೇ. ನಮ್ಮ ಧರ್ಮದ ನಿಲುವಂತೂ ಇದಕ್ಕಿಂತ ಗಂಭೀರವಾದುದು. ಸಾಲ ತೀರಿಸಲು ಏನನ್ನೂ ಬಿಟ್ಟುಹೋಗದವರ ಜನಾಝ ಬಂದಾಗ ಪ್ರವಾದಿಯವರು(ಸ) ಆರಂಭದ ದಿನಗಳಲ್ಲಿ ಸ್ವತಃ ನಮಾಝಿಗೆ ನಿಲ್ಲದೆ ಸಂಗಾತಿಗಳಿಗೆ ಅದನ್ನು ವಹಿಸಿದ್ದುಂಟು. ಸಾಲ ಮನುಷ್ಯನ ಕೊರಳಿಗೆ ಅಂಟಿಕೊಂಡೇ ಇರುತ್ತದೆಂಬ ಪಾಠವನ್ನು ಅದಕ್ಕಿಂತ ಸ್ಪಷ್ಟವಾಗಿ ಕಲಿಸುವುದು ಹೇಗೆ?

ಕಾಗದಗಳು ಸಿದ್ಧವಾದ ಬಳಿಕ ಬ್ಯಾಂಕು ಎರಡು ದಾರಿಗಳನ್ನು ತೋರಿಸಿತು. ಎರಡು ವರ್ಷಗಳ ರಿಟರ್ನ್ ಆಧಾರದ ಮೇಲೆ ಸಾಧಾರಣ ಕಾರ್ಡ್. ಇಲ್ಲವಾದರೆ ನಿಶ್ಚಿತ ಠೇವಣಿಯನ್ನು ಒತ್ತೆಯಿಟ್ಟು ಪಡೆಯುವ ಕಾರ್ಡ್. ಎರಡನೆಯದು ಸುಲಭ, ಸಿಬಿಲ್ ಅಂಕವಿಲ್ಲದವರಿಗೂ ಸಿಗುತ್ತದೆ. ಆದರೆ ಠೇವಣಿಯ ಮೇಲೆ ಬಡ್ಡಿ ಬರುತ್ತದೆ, ಕಾರ್ಡಿನ ಮೇಲೆ ಬಡ್ಡಿ ಹೋಗುತ್ತದೆ. ಒಂದು ಬಾಗಿಲಿನಿಂದ ತಪ್ಪಿಸಿಕೊಳ್ಳಲು ಹೋದರೆ ಎರಡು ಬಾಗಿಲುಗಳು ತೆರೆದುಕೊಳ್ಳುತ್ತವೆ.

ಅರ್ಜಿಯ ಜೊತೆಗೇ ಬಡ್ಡಿ ಮತ್ತು ಶುಲ್ಕಗಳ ಒಂದು ಪುಟದ ಸಾರಾಂಶವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಆ ಪುಟವನ್ನು ಮನೆಗೆ ತಂದು ಇಬ್ಬರೂ ಕುಳಿತು ಓದಿದೆವು. ಬಾಕಿಯ ಮೇಲೆ ತಿಂಗಳಿಗೆ 3.5 ಶೇಕಡಾ, ಅಂದರೆ ವರ್ಷಕ್ಕೆ 42 ಶೇಕಡಾ. ಲೆಕ್ಕ ಹಾಕಿ ನೋಡಿದೆವು. 40,000 ರೂಪಾಯಿ ಬಾಕಿ ಉಳಿದರೆ ಒಂದು ತಿಂಗಳ ಬಡ್ಡಿ 1,400 ರೂಪಾಯಿ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ 252 ರೂಪಾಯಿ. ಆ ತಿಂಗಳು ನಾವು 2,000 ರೂಪಾಯಿ ಕಟ್ಟಿದರೆ ಅಸಲು ಇಳಿಯುವುದು ಕೇವಲ 348 ರೂಪಾಯಿ. ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ. ಇಂತಹ ಬಡ್ಡಿಗೆ 30 ಶೇಕಡಾದ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಗೊಳಿಸಿದೆ. ಆ ತಡೆಗೋಡೆಯೂ ಈಗ ಇಲ್ಲ.

"ಗಡುವಿನೊಳಗೆ ಪೂರ್ತಿ ಕಟ್ಟಿಬಿಟ್ಟರೆ ಬಡ್ಡಿಯ ಪ್ರಶ್ನೆಯೇ ಇಲ್ಲವಲ್ಲ?" ಇದು ನಮ್ಮಲ್ಲಿ ಒಬ್ಬರ ವಾದ. "ಕಟ್ಟದಿದ್ದರೆ ಬಡ್ಡಿ ಕೊಡುತ್ತೇನೆಂದು ಸಹಿ ಹಾಕಬೇಕಲ್ಲ?" ಇದು ಇನ್ನೊಬ್ಬರ ವಾದ. ವಿದ್ವಾಂಸರ ಚರ್ಚೆಯೂ ಸರಿಸುಮಾರು ಇದೇ ಎರಡು ವಾಕ್ಯಗಳ ಸುತ್ತ ನಡೆದಿದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ದಲ್ಲಿ ರಿಯಾದ್‌ನಲ್ಲಿ ಸೇರಿದ ತನ್ನ 12ನೇ ಅಧಿವೇಶನದಲ್ಲಿ ಈ ಕುರಿತು ನಿರ್ಣಯ ಕೈಗೊಂಡಿತು. ಖಾತೆಯಲ್ಲಿ ಹಣವಿಲ್ಲದೆ ಸಾಲವಾಗಿ ನಡೆಯುವ ಕಾರ್ಡಿನ ಒಪ್ಪಂದದಲ್ಲಿ ಬಡ್ಡಿಯ ಷರತ್ತಿದ್ದರೆ, ಗಡುವಿನೊಳಗೆ ತೀರಿಸುವ ಸಂಕಲ್ಪ ಇದ್ದವರಿಗೂ ಅದು ಸಮ್ಮತವಲ್ಲ ಎಂಬುದು ಅದರ ಅಭಿಪ್ರಾಯ. ಬಡ್ಡಿಯ ಷರತ್ತಿಲ್ಲದ ಕಾರ್ಡಿಗೆ, ಸೇವೆಗೆ ತಕ್ಕ ಶುಲ್ಕಕ್ಕೆ ಅದು ಅಡ್ಡಿ ಹೇಳಲಿಲ್ಲ. ಇನ್ನೊಂದೆಡೆ, ಬೇರೆ ದಾರಿಯಿಲ್ಲದ ದೇಶಗಳಲ್ಲಿ ಪೂರ್ತಿ ತೀರಿಸುವ ದೃಢ ಸಂಕಲ್ಪ ಮತ್ತು ಸಾಮರ್ಥ್ಯ ಇರುವವರಿಗೆ ಅನುಮತಿಯಿದೆಯೆಂದು ಹೇಳಿದ ವಿದ್ವಾಂಸರೂ ಇದ್ದಾರೆ. ನಾವು ಫತ್ವಾ ನೀಡಲು ಅರ್ಹರಲ್ಲ. ಎರಡೂ ಅಭಿಪ್ರಾಯಗಳನ್ನು ಗೌರವದಿಂದ ಓದಿದೆವು, ಮಸೀದಿಯ ಉಸ್ತಾದರ ಬಳಿಯೂ ಕೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ತೀರಿಸುವ ಸಂಕಲ್ಪ ನಿಮ್ಮದು, ಸರಿ. ಆದರೆ ತೀರಿಸುವ ಹಣ ಯಾರ ಕೈಯಲ್ಲಿದೆ?"

ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಸಂಬಳದಾರನಿಗೆ ಗಡುವಿನ ದಿನ ಹಣ ಬಂದೇ ಬರುತ್ತದೆ. ನಮ್ಮ ಹಣ ಇನ್ನೊಬ್ಬರ ‘ಮುಂದಿನ ವಾರ’ದ ಮಾತಿನಲ್ಲಿದೆ. ಅದೇ ದಿನಗಳಲ್ಲಿ ಒಂದು ಸಂಸ್ಥೆಯಿಂದ ಬರಬೇಕಿದ್ದ 1,80,000 ರೂಪಾಯಿ ಮೂರು ತಿಂಗಳಿನಿಂದ ಬಾಕಿಯಿತ್ತು, ಹುಡುಗನ ವೇತನದ ದಿನ ಹತ್ತಿರ ಬಂದಿತ್ತು. ಕಾರ್ಡ್ ಇದ್ದಿದ್ದರೆ ಅದನ್ನು ಉಜ್ಜುತ್ತಿದ್ದೆವು, ಸಂಸ್ಥೆಯ ವಿಳಂಬಕ್ಕೆ ಬಡ್ಡಿ ತೆರುವವರು ನಾವಾಗುತ್ತಿದ್ದೆವು. ಬಡ್ಡಿರಹಿತ ಅವಧಿ ಹೆಚ್ಚೆಂದರೆ 50 ದಿನ. ನಮ್ಮ ಬಾಕಿ 90 ದಿನ ಮೀರಿತ್ತು. ಅರ್ಜಿಗೆ ಸಹಿ ಹಾಕದಿರಲು ನಿರ್ಧರಿಸಿದೆವು.

ನಿರ್ಧಾರ ಸುಲಭ, ಅದರ ನಂತರದ ತಿಂಗಳುಗಳು ಸುಲಭವಲ್ಲ. ಆ ತಿಂಗಳು ಹತ್ತಿರದ ಬಂಧುವೊಬ್ಬರಿಂದ ಕರ್ಝೆ ಹಸನ್ ಆಗಿ ಸಾಲ ಪಡೆದು ಹುಡುಗನಿಗೆ ವೇತನ ಕೊಟ್ಟೆವು. ಸಾಲದ ವ್ಯವಹಾರವನ್ನು ಅವಧಿ ನಿಗದಿಪಡಿಸಿ, ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡಬೇಕೆಂಬುದು ಕುರ್‌ಆನಿನ ಆದೇಶ (2:282). "ನಮ್ಮ ನಡುವೆ ಬರಹ ಯಾಕೆ?" ಎಂದು ಬಂಧು ಸಂಕೋಚಪಟ್ಟರು. ಬರೆದೇ ಪಡೆದೆವು, ಬರೆದ ದಿನಾಂಕಕ್ಕೆ ಮೊದಲೇ ಹಿಂತಿರುಗಿಸಿದೆವು. ಆ ಬಳಿಕ ವ್ಯವಹಾರದ ಕ್ರಮವನ್ನೇ ಬದಲಿಸಿದೆವು. ಕೆಲಸದ ಮೊತ್ತದ 30 ಶೇಕಡಾ ಮುಂಗಡ ಬಾರದೆ ನಕ್ಷೆ ಆರಂಭಿಸುವುದಿಲ್ಲ. ಸಾಫ್ಟ್‌ವೇರನ್ನು ಡಾಲರಿನಲ್ಲಿ ಕೊಳ್ಳುವ ಬದಲು ದೇಶದೊಳಗಿನ ಮಾರಾಟಗಾರರಿಂದ ರೂಪಾಯಿ ಬಿಲ್ಲಿನ ಮೇಲೆ ಕೊಂಡೆವು, ವಿದೇಶಿ ವಿನಿಮಯದ ಹೆಚ್ಚುವರಿ ಶುಲ್ಕವೂ ಉಳಿಯಿತು. ಉಳಿದ ಪಾವತಿಗಳಿಗೆ ಚಾಲ್ತಿ ಖಾತೆಯ ಡೆಬಿಟ್ ಕಾರ್ಡ್ ಸಾಕಾಯಿತು. ಬಂದ ಪ್ರತಿ ಪಾವತಿಯಿಂದ ಹತ್ತನೆಯ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತಾ ಹೋದೆವು. ಒಂದೂವರೆ ವರ್ಷದಲ್ಲಿ ಅದು ಮೂರು ತಿಂಗಳ ಖರ್ಚಿಗೆ ಸಾಕಾಗುವಷ್ಟಾಯಿತು, ಅಲ್‌ಹಮ್ದುಲಿಲ್ಲಾಹ್. ಮುಂಗಡ ಕೇಳಿದ ಕಾರಣಕ್ಕೆ ಎರಡು ಸಂಸ್ಥೆಗಳ ಕೆಲಸ ನಮ್ಮ ಕೈತಪ್ಪಿತು ಎಂಬುದನ್ನೂ ಇಲ್ಲಿ ಹೇಳಬೇಕು.

ಎರಡನೆಯ ಅಭಿಪ್ರಾಯವನ್ನು ಅನುಸರಿಸಿ ಕಾರ್ಡ್ ಪಡೆಯುವ ಸಹೋದರ ಸಹೋದರಿಯರಿಗೆ ಕೆಲವು ಮಾತುಗಳು. ಒಂದೇ ತಿಂಗಳಲ್ಲಿ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯ ವಿಚಾರಣೆಯೂ ನಿಮ್ಮ ವರದಿಯಲ್ಲಿ ದಾಖಲಾಗುತ್ತದೆ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಪೂರ್ಣ ವರದಿಯನ್ನು ಮೊದಲು ಓದಿ. ಖಾತೆಯಲ್ಲಿ ಈಗಾಗಲೇ ಇರುವ ಹಣಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ. ಪೂರ್ತಿ ಬಾಕಿ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಆದೇಶ ಕೊಡಿ. ‘ಕನಿಷ್ಠ ಮೊತ್ತ’ ಎಂಬ ಅಂಕಣದ ಕಡೆ ನೋಡಲೇಬೇಡಿ. ಕಾರ್ಡ್ ಬೇಡವೆನಿಸಿದಾಗ, ಬಾಕಿಯಿಲ್ಲದಿದ್ದರೆ, ಕೋರಿಕೆ ಸಲ್ಲಿಸಿದ ಏಳು ಕೆಲಸದ ದಿನಗಳೊಳಗೆ ಅದನ್ನು ಮುಚ್ಚಿಸಿಕೊಳ್ಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ದುಡಿದವರಿಗೆ ಹಣ ಸಮಯಕ್ಕೆ ಬಂದಿದ್ದರೆ ಈ ಕಾರ್ಡಿನ ಅಗತ್ಯ ಎಷ್ಟು ಮಂದಿಗಿತ್ತು? 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ತಡಮಾಡುವಂತಿಲ್ಲ. ತಡವಾದರೆ ಚಕ್ರಬಡ್ಡಿ ತೆರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಆ ಬಡ್ಡಿ ನಮಗೆ ಬೇಡ. ಅಸಲು ಸಮಯಕ್ಕೆ ಕೈಸೇರಿದರೆ ಸಾಕು. ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಉಳ್ಳವನು ಸಾಲ ತೀರಿಸಲು ತಡಮಾಡುವುದು ಅನ್ಯಾಯವೆಂದೂ ಅವರು ಎಚ್ಚರಿಸಿದ್ದಾರೆ. ಆದರೂ ಮನೆ ಕಟ್ಟಿಸಿದವರು ಬಡಗಿಯನ್ನು, ಮದುವೆ ಮಾಡಿಸಿದವರು ಅಡುಗೆಯವರನ್ನು, ಸಂಸ್ಥೆ ನಡೆಸುವವರು ಮುದ್ರಕರನ್ನು ತಿಂಗಳುಗಟ್ಟಲೆ ಅಲೆದಾಡಿಸುತ್ತಾರೆ. ಹಾಗೆ ಅಲೆದವನು ಕೊನೆಗೆ ಬಡ್ಡಿಯ ಬಾಗಿಲು ತಟ್ಟಿದಾಗ ನಾವು ಅವನಿಗೆ ಹರಾಮಿನ ಪಾಠ ಹೇಳುತ್ತೇವೆ.

ಬಡ್ಡಿಯ ವಿರುದ್ಧ ಮಾತನಾಡುವ ಮೊದಲು ನಮ್ಮ ಮೇಜಿನ ಮೇಲೆ ಪಾವತಿಯಾಗದೆ ಬಿದ್ದಿರುವ ಬಿಲ್ಲುಗಳನ್ನು ಒಮ್ಮೆ ಎಣಿಸೋಣ. ಅವುಗಳಲ್ಲಿ ಒಂದನ್ನು ಇಂದೇ ತೀರಿಸಿದರೆ ಯಾರದೋ ಮನೆಯಲ್ಲಿ ಒಂದು ಸಾಲದ ಅರ್ಜಿ ಸಹಿಯಾಗದೆ ಉಳಿದೀತು.