ನಂಜನಗೂಡಿನ ನಾಲಿಗೆ

ತಿ. ನರಸೀಪುರದ ಸಂತೆ ಕಣ್ಣಿಗೆ ಇಂದಿಗೂ ಹಳೆಯದೇ. ಕಿವಿಗೆ ಮಾತ್ರ ಅದು ಬೇರೆ ಊರು. “ಬಾ ಮೊಗ, ಎಸ್ಟ್ ಬೇಕು ನಿಂಗ?” ಎಂದು ಕರೆಯುವ ಮುದುಕಿಯರು ಅಲ್ಲೊಬ್ಬರು ಇಲ್ಲೊಬ್ಬರು. ಅವರ ಪಕ್ಕದಲ್ಲೇ ಕೂತ ಮೊಮ್ಮಕ್ಕಳು ಟೀವಿ ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ.

ಕಪಿಲೆಯ ದಡದ ಈ ನಂಜನಗೂಡು-ನರಸೀಪುರ ಸೀಮೆಯ ಆಡುಮಾತಿಗೆ ತನ್ನದೇ ನಡೆಯಿತ್ತು. ಪದದ ಕೊನೆಯ ಎಕಾರ ಅಕಾರಕ್ಕೆ ತಿರುಗುತ್ತಿತ್ತು: ಮನೆಗೆ ಹೋಗುವವನು ಇಲ್ಲಿ ‘ಮನಗ’ ಹೋಗುತ್ತಿದ್ದ. ಹಕಾರಕ್ಕಂತೂ ಊರೊಳಗೆ ಪ್ರವೇಶವೇ ಇರಲಿಲ್ಲ. ಬೈದರೂ ಒಂದು ರಾಗ, ಅತ್ತರೂ ಒಂದು ರಾಗ. ನೀಲಗಾರರು ತಂಬೂರಿ ಮೀಟಿ ಇರುಳೆಲ್ಲ ಮಂಟೇಸ್ವಾಮಿಯ ಕತೆ ಹಾಡುವಾಗ, ದೇವರೂ ನಮ್ಮಂತೆಯೇ ಮಾತಾಡುತ್ತಾನೆಂದು ಜಗುಲಿಯ ಮೇಲೆ ತೂಕಡಿಸುತ್ತಿದ್ದ ನಮಗೆ ಖಾತ್ರಿಯಾಗುತ್ತಿತ್ತು.

ಈ ಮಾತು ಕೇರಿಯಿಂದ ಕೇರಿಗೆ ಬದಲಾಗುತ್ತಿತ್ತು. ಬಾಯಿ ತೆರೆದರೆ ಸಾಕು, ಯಾವ ಕೇರಿಯವನು, ಯಾವ ಜಾತಿಯವನೆಂದು ಗೊತ್ತಾಗುತ್ತಿತ್ತು. ಅದರ ಸೊಗಸನ್ನು ನೆನೆಯುವವರು ಈ ಕಹಿಯನ್ನೂ ನೆನೆಯಬೇಕು.

ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಯು.ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’ವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮುಂದೆ ಉಡುಪಿಯಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು ಕಟ್ಟಿದ ವಿದ್ವಾಂಸರು ಅವರು. ‘ನಂಜನಗೂಡು ಕನ್ನಡ’ದಲ್ಲಿ ದಾಖಲಾದದ್ದು ಇಲ್ಲಿನ ಒಕ್ಕಲಿಗರ ಮಾತು. ದಲಿತ ಕೇರಿಯ ಮಾತು ಮುಂದೆ ‘ಕುಸುಮಬಾಲೆ’ ಕಾದಂಬರಿಯಾಗಿ ಬಂತು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ಮಹಾದೇವ ಅದನ್ನು ತಿದ್ದಿ ತೀಡದೆ, ಇದ್ದ ಹಾಗೇ ಬರೆದರು. ಕನ್ನಡಿಗರೇ ಅರ್ಥವಾಗದೆಂದು ಗೊಣಗಿದ ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಹಾಗಾದರೆ ಮಾತು ಉಳಿಯಿತಲ್ಲ ಎನ್ನಬಹುದು. ಆದರೆ ಪುಸ್ತಕವೊಂದೇ ಸಾಲದು: ಬ್ರೆಜಿಲ್ ಕರಾವಳಿಯ ತೂಪಿ ಭಾಷೆಗೂ ಪುಸ್ತಕವಿತ್ತು. ಜೆಸ್ಯೂಟ್ ಪಾದ್ರಿ ಜೋಸೆ ಡಿ ಆಂಚಿಯೆಟಾ ಬರೆದ ಅದರ ವ್ಯಾಕರಣ 1595ರಲ್ಲೇ ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಅಚ್ಚಾಗಿತ್ತು. 18ನೇ ಶತಮಾನದ ನಡುವೆ ಪೋರ್ಚುಗೀಸ್ ದೊರೆತನ ಅಲ್ಲಿನ ಮಕ್ಕಳ ಮೇಲೆ ತನ್ನ ಭಾಷೆಯನ್ನು ಕಡ್ಡಾಯವಾಗಿ ಹೇರಿತು. ಇಂದು ಆ ವ್ಯಾಕರಣವನ್ನು ಓದುವವರಿದ್ದಾರೆ, ಆ ಹಳೆಯ ತೂಪಿಯಲ್ಲಿ ಮಗುವನ್ನು ಗದರುವವರಿಲ್ಲ.

ನಮ್ಮಲ್ಲಿ ಯಾರೂ ಅಪ್ಪಣೆ ಹೊರಡಿಸಲಿಲ್ಲ. ತರಗತಿಯಲ್ಲಿ ನಾಲ್ಕು ಜನ ನಕ್ಕರು, ಅಷ್ಟು ಸಾಕಾಯಿತು. ಮೈಸೂರಿಗೆ ಓದಲು ಹೋದವರು ಹಕಾರ ಕಲಿತು ಬಂದರು. ಕಾರ್ಖಾನೆ ಕೆಲಸಕ್ಕೆ ಸೇರಿದವರು ಅಲ್ಲಿನ ಬೆರಕೆ ಮಾತಿಗೆ ಒಗ್ಗಿಕೊಂಡರು. ಈಗ ಈ ನುಡಿ ಹೆಚ್ಚಾಗಿ ಕೇಳಿಸುವುದು ಹಾಸ್ಯದ ವಿಡಿಯೋಗಳಲ್ಲಿ, ಪೆದ್ದನ ಪಾತ್ರದ ಬಾಯಲ್ಲಿ.

ಬಿಟ್ಟವರನ್ನು ದೂರಲಾರೆ. “ಅಲ್ಲಿ ಇಂಗ ಮಾತಾಡ್ಬ್ಯಾಡ ಮೊಗ” ಎಂದು ನನ್ನನ್ನು ತಿದ್ದಿ ಶಾಲೆಗೆ ಕಳಿಸಿದವಳು ಅವ್ವನೇ. ತಾನು ಪಟ್ಟದ್ದನ್ನು ಮಗ ಪಡದಿರಲಿ ಎಂಬ ಆಸೆ ಅವಳದು. ಅವಮಾನ ತೊಲಗಲೆಂದು ನಾವು ಮಾತನ್ನು ಕೊಟ್ಟೆವು. ಮಾತು ಹೋಗುತ್ತಿದೆ. ಅವಮಾನವೂ ಎಲ್ಲ ಕೇರಿಗಳನ್ನು ಬಿಟ್ಟು ಹೋಗಿದೆ ಎನ್ನಲು ನನಗೆ ಧೈರ್ಯವಿಲ್ಲ.