ಬೇಸಿಗೆಯಲ್ಲೇ ನೋಡಬೇಕಾದ ನೆರೆ

ಪ್ರೀತಿಯ ತಮ್ಮಾ,

ಸಂಕ್ರಾಂತಿಗೆಂದು ಅವ್ವ ಕಳಿಸಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬಂದು ತಲುಪಿದವು. ಅವಳ ಮೊಣಕಾಲು ಈಗ ಹೇಗಿದೆ? ಚಳಿ ಇಳಿಯುವ ತನಕ ನಸುಕಿನಲ್ಲಿ ಅಂಗಳ ಗುಡಿಸಲು ಬಿಡಬೇಡ. ಕಡಲೆ ಈ ಸಲ ಚೆನ್ನಾಗಿ ಬಂದಿದೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಕೇಳಿ ಸಮಾಧಾನವಾಯಿತು. ಅದರ ಬೆನ್ನಿಗೇ, ಹೊಳೆದಂಡೆಯ ಹೊಲದಲ್ಲಿ ಹೊಸ ಮನೆಗೆ ಜಾಗ ನೋಡಿದ್ದೇನೆ ಎಂದೂ ಹೇಳಿದೆ. ಆ ಮಾತಿಗೆ ನನಗೆ ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಲೆಕ್ಕ ನನಗೆ ಅರ್ಥವಾಗುತ್ತದೆ. ರಸ್ತೆ ಹತ್ತಿರ, ಬೋರಿನಲ್ಲಿ ನೀರಿದೆ, ದನ ಕಟ್ಟಲು ಅನುಕೂಲ. ಮಲಪ್ರಭೆಯನ್ನು ದಿನಾ ನೋಡುವವರಿಗೆ ಅವಳ ಭಯ ಉಳಿಯುವುದಾದರೂ ಹೇಗೆ? ಎಷ್ಟೋ ವರ್ಷ ನವಿಲುತೀರ್ಥದ ಅಣೆಕಟ್ಟು ತುಂಬುವುದೇ ಇಲ್ಲ. ಹೊಳೆಯಲ್ಲಿ ಜಾಲಿ ಕಂಟಿ ಬೆಳೆಯುತ್ತದೆ, ಪಾತ್ರದೊಳಗೇ ಕೆಲವರು ಗೋವಿನಜೋಳ ಹಾಕುತ್ತಾರೆ. ಬರಕ್ಕೆ ಹೆದರಿ ಬದುಕುವ ಸೀಮೆ ನಮ್ಮದು. ಇಲ್ಲಿ ನೆರೆ ಬಂದು ಹೋದ ಮೇಲೆ ನಾಲ್ಕು ವರ್ಷಕ್ಕೆ ಜನ ಮರೆಯುತ್ತಾರೆ. ಅದು ಅವರ ತಪ್ಪಲ್ಲ. ಆದರೆ ನೀನು ಮರೆಯಬಾರದು.

ನನ್ನ ಮೇಜಿನ ಪರದೆಯ ಮೇಲೆ, ಉಪಗ್ರಹದ ಚಿತ್ರಗಳಲ್ಲಿ, ನಮ್ಮ ಹೊಳೆ ಒಂದೇ ನೋಟಕ್ಕೆ ಪೂರ್ತಿ ಕಾಣುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಕೂಡಲಸಂಗಮದ ತನಕ ಸುಮಾರು 300 ಕಿ.ಮೀ. ಹುಟ್ಟುವ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟಿ ಸುರಿಯುತ್ತದೆ, ನಮ್ಮ ಬಾದಾಮಿ ಕಡೆ 600ರ ಆಸುಪಾಸು. ನಡುವೆ ಸವದತ್ತಿಯ ಹತ್ತಿರ ಅದೇ ನವಿಲುತೀರ್ಥದ ಅಣೆಕಟ್ಟು, ಅದರ ಕೆಳಗೆ ಹುಬ್ಬಳ್ಳಿ, ನವಲಗುಂದದ ಕಡೆಯಿಂದ ಬಂದು ಸೇರುವ ಬೆಣ್ಣೆಹಳ್ಳ. ಅಂದರೆ ನಮ್ಮೂರಿಗೆ ನೀರು ನುಗ್ಗಲು ದಾರಿ ಒಂದಲ್ಲ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ನಮ್ಮ ತಲೆಯ ಮೇಲೆಯೇ ಸುರಿಯಿತು. 2019ರ ಆಗಸ್ಟಿನಲ್ಲಿ ಖಾನಾಪುರದ ಕಾಡಿನಲ್ಲಿ ಬಿದ್ದ ಮಳೆ ಕೆಲವೇ ದಿನಗಳಲ್ಲಿ ಅಣೆಕಟ್ಟು ತುಂಬಿಸಿತು, ಗೇಟು ತೆರೆದರು, ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ಬಂತು. ಊರಲ್ಲಿ ನಿಂತು ಮೋಡ ನೋಡಿದರೆ ಇದು ತಿಳಿಯುವುದಿಲ್ಲ. ಹೊಳೆಯನ್ನು ತುದಿಯಿಂದ ತುದಿಗೆ ನೋಡಬೇಕು.

ಮೋಡ ಕವಿದಾಗ ಉಪಗ್ರಹಕ್ಕೆ ಏನು ಕಂಡೀತು ಎಂದು ನೀನು ಒಮ್ಮೆ ಕೇಳಿದ್ದೆ. ಮಾಮೂಲಿ ಕ್ಯಾಮೆರಾಕ್ಕೆ ಮೋಡದ ಬೆನ್ನಷ್ಟೇ ಕಾಣುತ್ತದೆ. ಆದರೆ ಯುರೋಪಿನವರು 2014ರಲ್ಲಿ ಹಾರಿಸಿದ ಸೆಂಟಿನೆಲ್-1ರಲ್ಲಾಗಲಿ, ನಮ್ಮ ಇಸ್ರೋದ ರಿಸ್ಯಾಟ್‌ಗಳಲ್ಲಾಗಲಿ ಇರುವುದು ರಾಡಾರ್. ಅದು ತಾನೇ ಅಲೆ ಕಳಿಸಿ, ಮರಳಿದ್ದನ್ನು ಅಳೆಯುತ್ತದೆ. ಮೋಡವೂ ಕತ್ತಲೆಯೂ ಅಡ್ಡಿಯಿಲ್ಲ. ಒರಟಾದ ನೆಲದಿಂದ ಅಲೆ ಮರಳುತ್ತದೆ, ನಿಂತ ನೀರು ಅದನ್ನು ಆಚೆಗೆ ಎಸೆದುಬಿಡುತ್ತದೆ. ಹಾಗಾಗಿ ಚಿತ್ರದಲ್ಲಿ ನೀರು ಕಪ್ಪಗೆ ಕಾಣುತ್ತದೆ. 2019ರ ಆಗಸ್ಟಿನ ಚಿತ್ರ ತೆಗೆದು ನೋಡಿದೆ. ನೀನು ಹೇಳಿದ ಜಾಗ ಆ ಕಪ್ಪಿನೊಳಗಿದೆ.

ಚಿತ್ರ ಎಲ್ಲವನ್ನೂ ಹೇಳುತ್ತದೆ ಎಂದೂ ತಿಳಿಯಬೇಡ. ಕಬ್ಬು ಎತ್ತರಕ್ಕೆ ನಿಂತಲ್ಲಿ ಬುಡದ ನೀರು ಆ ರಾಡಾರಿಗೆ ಸರಿಯಾಗಿ ಸಿಗುವುದಿಲ್ಲ. ಓಣಿಯಲ್ಲಿ ನೀರು ತುಂಬಿದರೂ ಗೋಡೆಗೆ ಬಡಿದು ಮರಳಿದ ಅಲೆಯಿಂದ ಊರು ಬೆಳ್ಳಗೇ ಕಾಣಬಹುದು. ನೆಲದ ಎತ್ತರ ತೋರಿಸುವ ಜಾಗತಿಕ ನಕಾಶೆಯೊಂದಿದೆ, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ಅಳೆದದ್ದು. ಅದರಲ್ಲಿ ಕೆಲವು ಮೀಟರು ಹೆಚ್ಚುಕಮ್ಮಿ ಇರುತ್ತದೆ. ಮನೆಯ ಹೊಸ್ತಿಲ ಮಟ್ಟಿಗೆ ಒಂದು ಮೀಟರೂ ದೊಡ್ಡದಲ್ಲವೇ? ಇನ್ನು 2009ರ ನೆರೆಯಂತೂ ಸೆಂಟಿನೆಲ್ ಹುಟ್ಟುವ ಮೊದಲೇ ಬಂದುಹೋದದ್ದು. ಅದರ ಅಳತೆ ಇರುವುದು ದ್ಯಾಮವ್ವನ ಗುಡಿಯ ಕಂಬದ ಮೇಲೆ, ಶಾಲೆಯ ಗೋಡೆಯ ಮೇಲೆ, ಹಿರಿಯರ ನೆನಪಿನಲ್ಲಿ. ಸುಣ್ಣ ಹೊಡೆಯುವ ಮೊದಲು ಅವನ್ನೆಲ್ಲ ಟೇಪು ಹಿಡಿದು ಅಳೆದು, ಫೋಟೊ ತೆಗೆದು ಕಳಿಸು. ನಾನು ಮಾಡುತ್ತಿರುವ ನೆರೆಯ ನಕಾಶೆಗೆ ಅದಕ್ಕಿಂತ ಬೆಲೆಯುಳ್ಳ ವಸ್ತು ಬೇರೆ ಇಲ್ಲ.

ಒಂದು ಒಳ್ಳೆಯ ಸುದ್ದಿ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ನಿಸಾರ್ ಹಾರಿತು. ನಾಸಾ ಮತ್ತು ಇಸ್ರೋ ಕೂಡಿ ಮಾಡಿದ್ದು. ಅದರ ಉದ್ದ ಅಲೆಯ ರಾಡಾರ್ ಬೆಳೆಯ ಎಲೆಗಳ ನಡುವೆ ಇನ್ನಷ್ಟು ಒಳಗೆ ಇಳಿಯಬಲ್ಲದು. ಆದರೆ ಅದು ಒಂದೇ ದಾರಿಯಲ್ಲಿ ಮರಳಿ ಬರುವುದು 12 ದಿನಕ್ಕೊಮ್ಮೆ. ನಮ್ಮಲ್ಲಿ ನೀರು ಏರಿ ಇಳಿಯಲು ಅಷ್ಟು ದಿನ ಬೇಕಾಗುವುದಿಲ್ಲ. ಆದ್ದರಿಂದ ಉಪಗ್ರಹ ನೋಡುತ್ತಿದೆ ಎಂದು ಧೈರ್ಯವಾಗಿ ಮಲಗಬೇಡ. ನೀರು ಏರುವ ರಾತ್ರಿ ಕಾಪಾಡುವುದು ಮಳೆಮಾಪಕದ ಲೆಕ್ಕ, ಅಣೆಕಟ್ಟಿನಿಂದ ಬಿಟ್ಟ ನೀರಿನ ಸುದ್ದಿ, ಮೇಲಿನ ಊರಿನವರ ಒಂದು ಫೋನು. ರಾಮದುರ್ಗದ ಕಡೆಯ ನಾಲ್ಕು ನಂಬರು ಬರೆದಿಟ್ಟುಕೋ.

ಹಾಗಾದರೆ ಈ ನಕಾಶೆ ಯಾತಕ್ಕೆ? ಈ ಕೆಲಸಕ್ಕೆ ಬಂದ ಮೇಲೆ ನನಗೆ ಗಟ್ಟಿಯಾಗಿ ತಿಳಿದದ್ದು ಇದೊಂದೇ: ನೆರೆಯ ನಕಾಶೆಯನ್ನು ಬೇಸಿಗೆಯಲ್ಲಿ ಬಿಚ್ಚಬೇಕು. ಮಳೆಗಾಲದಲ್ಲಿ ಅದು ಆದ ಹಾನಿಯನ್ನು ತೋರಿಸುತ್ತದೆ, ದೋಣಿ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತದೆ. ಬೇಸಿಗೆಯಲ್ಲಾದರೆ ಮನೆ ಎಲ್ಲಿ ಕಟ್ಟಬೇಕು, ಕರೆಂಟಿನ ಟಿಸಿ ಎಲ್ಲಿ ನಿಲ್ಲಿಸಬೇಕು, ಅಂಗನವಾಡಿ ಎಲ್ಲಿರಬೇಕು, ಯಾವ ಸೇತುವೆ ಮೊದಲು ಮುಳುಗುತ್ತದೆ ಎಂದು ಪುರುಸೊತ್ತಿನಿಂದ ಕೂತು ಮಾತಾಡಬಹುದು. ಹೊಳೆ ಒಣಗಿದ್ದಾಗ ಮಾಡಿದ ತೀರ್ಮಾನವೇ ಹೊಳೆ ತುಂಬಿದಾಗ ಜೀವ ಉಳಿಸುವುದು.

2009ರ ನೆರೆಯ ರಾತ್ರಿ ನೀನು ತೀರಾ ಚಿಕ್ಕವನು. ಅಪ್ಪ ಎತ್ತುಗಳ ಹಗ್ಗ ಬಿಚ್ಚಿ ಮಡ್ಡಿ ಹೊಲಕ್ಕೆ ಹೊಡೆದ, ನಾವೆಲ್ಲ ಅವುಗಳ ಹಿಂದೆಯೇ ಹೋದೆವು. ಬೆಳಗಿನ ತನಕ ತಾಡಪಾಲಿನ ಕೆಳಗೆ ಅವ್ವ ನಿನ್ನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಬೆಳಕು ಹರಿದಾಗ ಕೆಳಗಿನ ಹೊಲ ಕಾಣಲಿಲ್ಲ, ಮಡ್ಡಿಗೆ ನೀರು ಏರಲಿಲ್ಲ. ನನ್ನ ಪರದೆಯ ಮೇಲೆ 2019ರಲ್ಲೂ ಆ ಮಡ್ಡಿ ಒಣಗಿಯೇ ಇದೆ. ಮನೆ ಅಲ್ಲಿ ಕಟ್ಟು. ಪೈಪಿಗೂ ದಾರಿಗೂ ತಗಲುವ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ. ಕೆಳಗಿನ ಹೊಲ ಬೆಳೆಗೇ ಇರಲಿ. ನೆರೆ ತಂದ ಮಣ್ಣು ಕೆಲವೊಮ್ಮೆ ಬೆಳೆಗೆ ಒಳ್ಳೆಯದೂ ಹೌದು.

ನಮಗೆ ಮಡ್ಡಿ ಹೊಲವಿದೆ. ಹೊಳೆಸಾಲಿನಲ್ಲಿರುವ ಕೂಲಿಯವರಿಗೆ ಏನಿದೆ? 2009ರ ನಂತರ ಸರ್ಕಾರದವರು ಬೇರೆ ಕಡೆ ಆಸರೆ ಮನೆಗಳನ್ನು ಕಟ್ಟಿಕೊಟ್ಟರೂ ಹಲವು ಊರುಗಳಲ್ಲಿ ಜನ ಹೋಗಲಿಲ್ಲ. ಹೊಲ ದೂರ, ದನಕ್ಕೆ ಜಾಗವಿಲ್ಲ, ಕೆಲಸವಿಲ್ಲ. ಅವರನ್ನು ಹಟಮಾರಿಗಳು ಎಂದು ಯಾರಾದರೂ ಅಂದರೆ ಒಪ್ಪಬೇಡ. ಎಲ್ಲಿ ಎತ್ತರವಿದೆ ಎಂದು ನಕಾಶೆ ಹೇಳಬಲ್ಲದು, ಅಲ್ಲಿ ಬದುಕು ಸಾಗುತ್ತದೆಯೇ ಎಂದು ಅವರನ್ನೇ ಕೇಳಬೇಕು. ಈ ಪತ್ರದ ಜೊತೆ ದೊಡ್ಡ ಹಾಳೆಯಲ್ಲಿ ಮುದ್ರಿಸಿದ ನಕಾಶೆ ಕಳಿಸುತ್ತಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ನೆಲದ ಮೇಲೆ ಹಾಸು. ಹೆಣ್ಣುಮಕ್ಕಳನ್ನು, ಹೊಳೆಸಾಲಿನವರನ್ನು ಮುಂದೆ ಕೂರಿಸು. ತಪ್ಪಿರುವ ಕಡೆ ಅವರೇ ಪೆನ್ನಿನಿಂದ ತಿದ್ದಲಿ. ಮುಂದಿನ ಸರ್ಕಾರಿ ನಿವೇಶನಗಳು ಹೊಲಕ್ಕೆ ನಡೆದು ಹೋಗುವಷ್ಟು ಹತ್ತಿರ, ನೀರು ಮುಟ್ಟದಷ್ಟು ಎತ್ತರದಲ್ಲಿ ಇರಲಿ ಎಂದು ಠರಾವು ಮಾಡಿಸು.

ನಾನು ಯುಗಾದಿಗೆ ಬರುತ್ತೇನೆ. ಇಬ್ಬರೂ ಕೂಡಿ ಮಡ್ಡಿಯ ಮೇಲೆ ಅಳತೆ ಹಿಡಿಯೋಣ. ಈ ಮಾತಿನ ಮೇಲೆ ಸಿಟ್ಟು ಬಂದರೆ ಫೋನು ಮಾಡಿ ಜಗಳವಾಡು, ಆದರೆ ನಾನು ಬರುವ ತನಕ ಪಾಯ ತೋಡಿಸಬೇಡ.

ನಿನ್ನ ಅಕ್ಕ